ಆನ್‌ಲೈನ್ ತೂಕ ಇಳಿಕೆ: ದುಡ್ಡು ಕಟ್ಟುವ ಮೊದಲು

ಪ್ರಶ್ನೆ: ಆನ್‌ಲೈನ್ ಕಾರ್ಯಕ್ರಮಕ್ಕೆ ಸೇರಿದರೆ ತೂಕ ನಿಜಕ್ಕೂ ಇಳಿಯುತ್ತದೆಯೇ?

ಇಳಿಯುತ್ತದೆ, ಆದರೆ ಜಾಹೀರಾತು ಹೇಳುವಷ್ಟಲ್ಲ. ಅಮೆರಿಕದ ಸಂಶೋಧಕಿ ಡೆಬೊರಾ ಟೇಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 91 ಜನರನ್ನು ಎರಡು ಗುಂಪು ಮಾಡಿದ್ದರು. ಒಂದಕ್ಕೆ ಜಾಲತಾಣದ ಮಾಹಿತಿ ಮಾತ್ರ. ಇನ್ನೊಂದರವರು ತಿಂದದ್ದು, ವ್ಯಾಯಾಮ ಮಾಡಿದ್ದು ಎಲ್ಲ ಬರೆದು ಕಳಿಸಬೇಕು. ತಜ್ಞರು ಅದನ್ನು ಓದಿ ಇ-ಮೇಲ್‌ನಲ್ಲಿ ಒಬ್ಬೊಬ್ಬರಿಗೂ ಸಲಹೆ ಕೊಡುತ್ತಿದ್ದರು. ಆರು ತಿಂಗಳಲ್ಲಿ ಮೊದಲ ಗುಂಪಿನವರು ಸರಾಸರಿ 1.6 ಕಿಲೋ ಇಳಿದರೆ, ಎರಡನೆಯವರು 4.1 ಕಿಲೋ.

ಹಾಗಾಗಿ ಆ್ಯಪ್‌ನ ಅಂದಕ್ಕಿಂತ, ಆ ಕಡೆ ಓದಿ ಉತ್ತರಿಸುವ ಮನುಷ್ಯರಿದ್ದಾರೆಯೇ ಎಂಬುದೇ ಮುಖ್ಯ. ಮುದ್ದೆ, ಬಸ್ಸಾರು, ಚಿತ್ರಾನ್ನದ ಲೆಕ್ಕವೂ ಅವರಿಗೆ ಗೊತ್ತಿರಬೇಕು. ತಿಂಗಳಿಗೆ ಹತ್ತು ಕಿಲೋ ಇಳಿಸುತ್ತೇವೆ ಎನ್ನುವವರ ಸಹವಾಸ ಬೇಡ.

ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ತಮ್ಮ ವೈದ್ಯರನ್ನು ಕಾಣಲೇಬೇಕು. ಊಟ ತಗ್ಗಿಸಿ ಔಷಧದ ಪ್ರಮಾಣ ಹಾಗೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.