ರಕ್ತದ ವರದಿಯಲ್ಲಿ ‘ಇಜಿಎಫ್‌ಆರ್’ ಕಡಿಮೆ ಇದ್ದರೆ ಕ್ಯಾನ್ಸರ್ ಎಂದರ್ಥವೇ?

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಓದುಗರೊಬ್ಬರು ತಮ್ಮ ತಂದೆಯ ರಕ್ತ ಪರೀಕ್ಷೆಯ ವರದಿಯ ಫೋಟೋ ಕಳಿಸಿದ್ದರು. ಅದರಲ್ಲಿ ‘ಇಜಿಎಫ್‌ಆರ್ 52’ ಎಂದಿತ್ತು. ಮೊಬೈಲ್‌ನಲ್ಲಿ ಹುಡುಕಿದರೆ ಬರೀ ಕ್ಯಾನ್ಸರ್ ವಿಷಯವೇ ಬಂದಿದೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ‘ಅಪ್ಪನಿಗೆ ಕ್ಯಾನ್ಸರ್ ಅಂತೆ’ ಎಂಬ ಸುದ್ದಿಯೂ ಹರಡಿತು. ಇದು ನಿಜವೇ ಎಂದು ನಾವು ಪರಿಶೀಲಿಸಿದೆವು.

ಹೆಸರು ಒಂದೇ, ವಿಷಯ ಎರಡು

ವರದಿಯಲ್ಲಿದ್ದದ್ದು ಕಿಡ್ನಿಯ ಲೆಕ್ಕ. ಕಿಡ್ನಿಗಳು ನಿಮಿಷಕ್ಕೆ ಎಷ್ಟು ರಕ್ತ ಸೋಸುತ್ತವೆ ಎಂಬ ಅಂದಾಜು ಅದು. ರಕ್ತದ ಕ್ರಿಯಾಟಿನಿನ್, ವಯಸ್ಸು ಮತ್ತು ಲಿಂಗ ನೋಡಿ ಲೆಕ್ಕ ಹಾಕುತ್ತಾರೆ. ಇಂಗ್ಲಿಷ್‌ನಲ್ಲಿ ಮೊದಲ ‘ಇ’ಯನ್ನು ಸಾಮಾನ್ಯವಾಗಿ ಸಣ್ಣಕ್ಷರದಲ್ಲಿ ಬರೆಯುತ್ತಾರೆ. ಪಕ್ಕದಲ್ಲಿ ಕ್ರಿಯಾಟಿನಿನ್ ಅಥವಾ ‘ಮಿಲಿಲೀಟರ್, ನಿಮಿಷಕ್ಕೆ’ ಎಂಬ ಅಳತೆ ಇದ್ದರೆ ಅದು ಕಿಡ್ನಿಯದ್ದೇ.

ಕ್ಯಾನ್ಸರ್‌ನ ಇಜಿಎಫ್‌ಆರ್ ಬೇರೆ. ನಾಲ್ಕೂ ಅಕ್ಷರ ದೊಡ್ಡದು. ಅದು ಜೀವಕೋಶದ ಹೊರಮೈಯಲ್ಲಿರುವ ಒಂದು ಪ್ರೋಟೀನ್.

ಆ ಪ್ರೋಟೀನ್ ಏನು ಮಾಡುತ್ತದೆ?

ಹಿಪ್ಪುನೇರಳೆ ತೋಟದ ಬೋರ್‌ವೆಲ್ ಸ್ಟಾರ್ಟರ್ ನೆನಪಿಸಿಕೊಳ್ಳಿ. ಬಟನ್ ಒತ್ತಿದರೆ ಮೋಟರ್ ಓಡುತ್ತದೆ, ಸಾಕಾದಾಗ ನಿಲ್ಲಿಸುತ್ತೇವೆ. ಇಜಿಎಫ್‌ಆರ್ ಕೂಡ ಹಾಗೆಯೇ. ‘ಬೆಳೆ’ ಎಂಬ ಸಂದೇಶ ಹೊತ್ತ ಇನ್ನೊಂದು ಪ್ರೋಟೀನ್ ಬಂದು ಅಂಟಿಕೊಂಡರೆ ಒಳಗೆ ಸೂಚನೆ ಹೋಗಿ ಜೀವಕೋಶ ಎರಡಾಗುತ್ತದೆ. ಗಾಯ ಮಾಯಲು, ಚರ್ಮ ಹೊಸದಾಗಲು ಇದು ಬೇಕೇ ಬೇಕು. ಆ ಸಂದೇಶದ ಪ್ರೋಟೀನನ್ನು ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು.

ಅಂದರೆ ಇಜಿಎಫ್‌ಆರ್ ಎಲ್ಲರಲ್ಲೂ ಇದೆ. ಇರುವುದೇ ರೋಗವಲ್ಲ. ಅದರ ಜೀನ್ ಕೆಟ್ಟು ಸ್ಟಾರ್ಟರ್ ಆನ್‌ನಲ್ಲೇ ಸಿಕ್ಕಿಕೊಂಡಾಗ ಅಥವಾ ಸ್ಟಾರ್ಟರ್‌ಗಳೇ ಅತಿಯಾದಾಗ ಜೀವಕೋಶಗಳು ಮಿತಿಯಿಲ್ಲದೆ ಹೆಚ್ಚುತ್ತವೆ. ಕೆಲವು ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಮೊದಲನೆಯದು, ಬಾಯಿ ಮತ್ತು ಗಂಟಲಿನ ಅನೇಕ ಕ್ಯಾನ್ಸರ್‌ಗಳಲ್ಲಿ ಎರಡನೆಯದು ಕಂಡುಬರುತ್ತದೆ. ಈ ಬದಲಾವಣೆ ಸಾಮಾನ್ಯವಾಗಿ ಗೆಡ್ಡೆಯ ಜೀವಕೋಶಗಳಲ್ಲಿ ಮಾತ್ರ ಆಗಿರುತ್ತದೆ. ಅಪ್ಪನಿಂದ ಮಗನಿಗೆ ಬರುವಂಥದ್ದಲ್ಲ.

ಗೊತ್ತಾದರೆ ಉಪಯೋಗವೇನು?

ಸಿಕ್ಕಿಕೊಂಡ ಸ್ಟಾರ್ಟರ್ ಆಫ್ ಮಾಡುವ ಔಷಧಿಗಳಿವೆ. ಜೀನ್ ಬದಲಾವಣೆ ಇರುವ ಶ್ವಾಸಕೋಶ ಕ್ಯಾನ್ಸರ್‌ಗೆ ಜೆಫಿಟಿನಿಬ್, ಆಸಿಮೆರ್ಟಿನಿಬ್‌ನಂಥ ಮಾತ್ರೆಗಳನ್ನು ಕೊಡುತ್ತಾರೆ. ಬದಲಾವಣೆ ಇಲ್ಲದವರಿಗೆ ಇವು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಮೊದಲು ಗೆಡ್ಡೆಯ ತುಣುಕನ್ನು ಪರೀಕ್ಷಿಸುತ್ತಾರೆ. ಚರ್ಮವೂ ಇದೇ ಸ್ಟಾರ್ಟರ್ ಬಳಸುವುದರಿಂದ ಮಾತ್ರೆ ತೆಗೆದುಕೊಳ್ಳುವವರಿಗೆ ಮೈಮೇಲೆ ಗುಳ್ಳೆ ಏಳಬಹುದು. ಹೆದರಿ ಮಾತ್ರೆ ಬಿಡಬೇಡಿ, ವೈದ್ಯರಿಗೆ ತಿಳಿಸಿ.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಕ್ಯೂಬಾದಲ್ಲಿ ರೂಪುಗೊಂಡ, ಇಜಿಎಫ್‌ಆರ್ ತಡೆಯುವ ನಿಮೋಟುಜುಮ್ಯಾಬ್ ಇಂಜೆಕ್ಷನ್ ಅನ್ನು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಾಗಿ ಬಯೋಕಾನ್ ಸಂಸ್ಥೆ 2006ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು.

ಹಾಗಾದರೆ ಆ ತಂದೆಯ ಕತೆ?

52 ಎಂಬುದು ಕ್ಯಾನ್ಸರ್ ಸೂಚನೆ ಅಲ್ಲ. ಆದರೆ ಕಡೆಗಣಿಸುವಂಥದ್ದೂ ಅಲ್ಲ. ಈ ಅಂಕಿ ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ತೊಂದರೆ ಎನ್ನುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಬೇಗ ವೈದ್ಯರನ್ನು ಕಾಣಬೇಕು. ನೋವಿನ ಮಾತ್ರೆಗಳನ್ನು ತಾವೇ ಅಂಗಡಿಯಲ್ಲಿ ಕೊಂಡು ನುಂಗಬಾರದು.

ನಮ್ಮ ತೀರ್ಮಾನ: ‘ಇಜಿಎಫ್‌ಆರ್ ಕಡಿಮೆ ಇದ್ದರೆ ಕ್ಯಾನ್ಸರ್’ ಎಂಬುದು ಸುಳ್ಳು. ವರದಿಯನ್ನು ಗುಂಪಿಗೆ ಹಾಕುವ ಮೊದಲು ವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಎಂದು ಹೆದರಿ ಕೂತರೆ ಕಿಡ್ನಿ ಉಳಿಸಿಕೊಳ್ಳುವ ಸಮಯ ಕಳೆದುಹೋಗುತ್ತದೆ.