ರಕ್ತನಾಳಗಳ ಮುಪ್ಪು

ಬೇಲೆಕೇರಿಯ ದಕ್ಕೆಯಲ್ಲಿ ದೋಣಿಯನ್ನು ಬಿಗಿದ ಹಗ್ಗವು ಸಾಮಾನ್ಯವಾಗಿ ಒಂದೇ ಬಿರುಗಾಳಿಗೆ ತುಂಡಾಗುವುದಿಲ್ಲ. ಹಗಲಿರುಳು ಬಂದು ತಾಕುವ ಸಣ್ಣ ಅಲೆಗಳ ಸೆಳೆತಕ್ಕೆ ಅದರ ಎಳೆಗಳು ಒಂದೊಂದಾಗಿ ಹರಿಯುತ್ತವೆ. ನಮ್ಮ ರಕ್ತನಾಳಗಳಿಗೆ ಮುಪ್ಪು ಬರುವ ಬಗೆಯೂ ಬಹುಮಟ್ಟಿಗೆ ಇಂಥದೇ.

ಹೃದಯವು ನಿಮಿಷಕ್ಕೆ ಸುಮಾರು 70 ಸಲ, ಅಂದರೆ ದಿನಕ್ಕೆ 1 ಲಕ್ಷ ಸಲ ಮಿಡಿಯುತ್ತದೆ. 60 ವರ್ಷಗಳಲ್ಲಿ ಈ ಸಂಖ್ಯೆ 200 ಕೋಟಿಯನ್ನು ಮೀರುತ್ತದೆ. ಪ್ರತಿ ಮಿಡಿತಕ್ಕೂ ಮಹಾಧಮನಿಯು ಹಿಗ್ಗಿ ಕುಗ್ಗುವುದರಿಂದಲೇ ಹೃದಯದ ಹೊಡೆತವು ಮೃದುವಾಗಿ, ರಕ್ತವು ಎಡೆಬಿಡದೆ ಹರಿಯುತ್ತದೆ. ಈ ಗುಣವು ಎಲಾಸ್ಟಿನ್ ಎಂಬ ನಾರಿನಿಂದ ಬಂದುದು. ದೇಹವು ಈ ನಾರನ್ನು ಹೆಚ್ಚಾಗಿ ಹುಟ್ಟುವ ಮುನ್ನ ಮತ್ತು ಎಳೆತನದಲ್ಲಿ ನೇಯ್ದಿಡುತ್ತದೆ. ಪ್ರಾಯದಲ್ಲಿ ಹೊಸದಾಗಿ ನೇಯುವುದು ಅತ್ಯಲ್ಪ. ಕಾಲಕ್ರಮದಲ್ಲಿ ಅದು ಹರಿದು, ಬಿರುಸಾದ ಕೊಲಾಜೆನ್ ನಾರಿನ ಮೇಲೆ ಭಾರವು ಬೀಳುತ್ತದೆ, ನಾಳವು ಪೆಡಸಾಗುತ್ತದೆ.

ಪೆಡಸಾದ ನಾಳದಲ್ಲಿ ನಾಡಿಯ ಅಲೆಯು ವೇಗವಾಗಿ ಓಡುತ್ತದೆ. ತರುಣರ ಮಹಾಧಮನಿಯಲ್ಲಿ ಸೆಕೆಂಡಿಗೆ ಸುಮಾರು 5–6 ಮೀಟರ್ ಇರುವ ಈ ವೇಗವು ವೃದ್ಧರಲ್ಲಿ 10 ಮೀಟರನ್ನು ಮೀರಬಹುದು. ಹೃದಯವು ಇನ್ನೂ ರಕ್ತವನ್ನು ದೂಡುತ್ತಿರುವಾಗಲೇ ಕವಲುಗಳಿಂದ ಹಿಂದಿರುಗಿದ ಅಲೆಯು ಬಂದು ಸೇರುತ್ತದೆ. ವೃದ್ಧರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಯು ಏರುವುದಕ್ಕೆ ಇವೇ ಮುಖ್ಯ ಕಾರಣಗಳು.

ಏರಿದ ಒತ್ತಡವು ನಾರುಗಳನ್ನು ಇನ್ನಷ್ಟು ಜಗ್ಗುತ್ತದೆ. ಕಿರುಧಮನಿಗಳ ಗೋಡೆಯು ದಪ್ಪವಾಗಿ ಒಳದಾರಿಯು ಕಿರಿದಾಗುತ್ತದೆ. ತ್ರಿಜ್ಯವು ಅರ್ಧಕ್ಕಿಳಿದರೆ ಹರಿವಿಗೆ ತಡೆಯು 16 ಪಟ್ಟು ಹೆಚ್ಚುವುದೆಂಬುದು ಭೌತಶಾಸ್ತ್ರದ ನಿಯಮ. ಹೀಗೆ ಒತ್ತಡದಿಂದ ಪೆಡಸು, ಪೆಡಸಿನಿಂದ ಒತ್ತಡ ಬೆಳೆದು, ಕಡೆಗೆ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳಿಗೆ ಕೇಡು ತಟ್ಟುತ್ತದೆ.

ಹಾಗಾದರೆ ವಯಸ್ಸಿನೊಡನೆ ಒತ್ತಡ ಏರುವುದು ಪ್ರಕೃತಿಯ ಕಟ್ಟಳೆಯೇ? 1988ರಲ್ಲಿ ಪ್ರಕಟವಾದ, 32 ದೇಶಗಳ 52 ಕೇಂದ್ರಗಳಲ್ಲಿ ನಡೆದ ಇಂಟರ್‌ಸಾಲ್ಟ್ ಅಧ್ಯಯನವು ಇದಕ್ಕೆ ಬೇರೆಯೇ ಉತ್ತರವನ್ನು ಕೊಡುತ್ತದೆ. ಉಪ್ಪನ್ನು ಬಳಸದೆ ಬಾಳುವ ಬ್ರೆಜಿಲ್ ದೇಶದ ಯಾನೊಮಾಮಿ ವನವಾಸಿಗಳಲ್ಲಿ ಇಂಥ ಏರಿಕೆಯು ಕಾಣಬರಲಿಲ್ಲ. ಅವರ ಜೀವನಕ್ರಮವು ಇತರ ವಿಷಯಗಳಲ್ಲಿಯೂ ಭಿನ್ನವಾದುದರಿಂದ ಉಪ್ಪೊಂದೇ ಕಾರಣವೆನ್ನಲಾಗದು. ಆದರೂ ಉಪ್ಪು ಹೆಚ್ಚಿದಂತೆ ದೇಹವು ನೀರನ್ನು ಹಿಡಿದಿಟ್ಟುಕೊಂಡು ಒತ್ತಡವನ್ನು ಏರಿಸುವುದು ಸಿದ್ಧವಾದ ಸಂಗತಿ.

ಬೇಲೆಕೇರಿಯವರಿಗೆ ಉಪ್ಪು ದೂರದ ವಸ್ತುವಲ್ಲ. ಅವರ ಅಂಕೋಲೆ ಸೀಮೆಯೇ 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾಯಿತು. ಮೀನುಗಾರಿಕೆ ನಿಲ್ಲುವ ಮಳೆಗಾಲಕ್ಕೆಂದು ಮೀನಿಗೆ ಉಪ್ಪು ಬೆರೆಸಿ ಒಣಗಿಸಿಡುವುದು ಈ ಕರಾವಳಿಯ ಹಳೆಯ ರೂಢಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಮೆ ಉಪ್ಪನ್ನು ಸೇವಿಸಬೇಕು. ಇದು ಒಂದು ಚಹಾ ಚಮಚಕ್ಕಿಂತ ಕಡಮೆ. ಒಣಮೀನು, ಉಪ್ಪಿನಕಾಯಿ, ಹಪ್ಪಳಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಿದುದೆಂಬುದನ್ನು ವಾಚಕರು ಮರೆಯಬಾರದು.

ಏರಿದ ಒತ್ತಡವು ಸಾಮಾನ್ಯವಾಗಿ ನೋವನ್ನಾಗಲಿ ಜ್ವರವನ್ನಾಗಲಿ ತೋರಿಸದು, ಅಳೆದಲ್ಲದೆ ತಿಳಿಯದು. ಬೇರೆ ಬೇರೆ ದಿನ ಅಳೆದಾಗಲೂ 140/90ನ್ನು ಮುಟ್ಟಿದರೆ ಅಥವಾ ಮೀರಿದರೆ ವೈದ್ಯರ ಸಲಹೆಯು ಅವಶ್ಯಕ. ಉಪ್ಪಿನ ಮಿತಿ, ನಡಿಗೆ, ತಂಬಾಕಿನ ತ್ಯಾಗ, ಬೇಕಾದಲ್ಲಿ ತಪ್ಪದ ಔಷಧ ಇವು ನಾಳಗಳನ್ನು ಕಾಯುವ ಸಾಧನಗಳು. ಹರಿದ ಎಲಾಸ್ಟಿನ್ ಮರಳಿ ಕೂಡಿಬರುವುದು ಕಷ್ಟ. ಉಳಿದುದನ್ನು ಕಾಪಾಡಿಕೊಳ್ಳಲು ತಾರುಣ್ಯವೇ ತಕ್ಕ ಕಾಲ.