ತೋಟದಲ್ಲಿ ಚಿಕ್ಕ ಜನರೇಟರು: ಮಳೆಗೆ ಮರೆ ಬೇಕು, ಹೊಗೆಗೆ ದಾರಿ ಬೇಕು

ಯಲಹಂಕದ ಮಗ್ಗುಲಿನ ಅಟ್ಟೂರು ಈಗ ಬೆಂಗಳೂರು ನಗರದೊಳಗೆ ಸೇರಿಹೋಗಿದೆ. ಹೊಲವಿದ್ದಲ್ಲಿ ಬಡಾವಣೆಗಳು ಎದ್ದಿವೆ. ಇಂಥ ಊರುಗಳಲ್ಲಿ ಮನೆಯಿಟ್ಟುಕೊಂಡು ರಾಜಾನುಕುಂಟೆ, ದೊಡ್ಡಬಳ್ಳಾಪುರದ ಕಡೆ ತೋಟ ಮಾಡುವ ರೈತರು ಹಣ್ಣಿನ ಕಾವಲಿಗೆ, ನಸುಕಿನಲ್ಲಿ ಹೂ ಬಿಡಿಸುವುದಕ್ಕೆ, ರೇಷ್ಮೆಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಸೊಪ್ಪು ಕೊಡುವುದಕ್ಕೆ ರಾತ್ರಿ ತೋಟದಲ್ಲೇ ತಂಗಬೇಕಾಗುತ್ತದೆ. ದೀಪಕ್ಕೆಂದು ಒಂದೆರಡು ಕಿಲೋವಾಟಿನ ಪೆಟ್ರೋಲ್ ಜನರೇಟರನ್ನು ಜೊತೆಗೆ ಒಯ್ಯುವುದುಂಟು. ಇಬ್ಬರು ಎತ್ತಿಕೊಂಡು ಹೋಗಬಹುದಾದ ಈ ಯಂತ್ರಕ್ಕೆ ತೋಟದಲ್ಲಿ ಗೊತ್ತಾದ ಜಾಗವೇ ಇರುವುದಿಲ್ಲ. ಆಪತ್ತಿಗೆ ಮೂಲ ಇದೇ.

ಬೆಂಗಳೂರಿನ ಸುತ್ತ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು, ಅದೂ ಸಂಜೆಯ ಮೇಲೆ. ಅಂಗಳದಲ್ಲಿ ಓಡುತ್ತಿರುವ ಯಂತ್ರದ ಮೇಲೆ ಹನಿ ಬಿದ್ದೊಡನೆ ಅದನ್ನು ಶೆಡ್ಡಿನೊಳಕ್ಕೋ ಜಗಲಿಗೋ ಎಳೆದುಕೊಳ್ಳಬೇಕೆನಿಸುವುದು ಸಹಜ. ಸಾವಿರಾರು ರೂಪಾಯಿ ಕೊಟ್ಟು ತಂದ ವಸ್ತು ನೆನೆಯಲು ಯಾರಿಗೂ ಮನಸ್ಸಾಗದು. ಆದರೆ ನೆನೆದ ಯಂತ್ರವನ್ನು ರಿಪೇರಿ ಮಾಡಿಸಬಹುದು. ಓಡುವ ಯಂತ್ರವನ್ನು ಒಳಗಿಟ್ಟುಕೊಂಡು ಮಲಗಿದವರು ಬೆಳಗಾಗುವುದರೊಳಗೆ ಪ್ರಾಣ ಕಳೆದುಕೊಂಡಿರುವುದುಂಟು.

ಕಣ್ಣಿಗೆ ಕಾಣದ ವಿಷ

ಪೆಟ್ರೋಲು ಉರಿದಾಗ ಹೊಗೆಯೊಡನೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವೂ ಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಸೇರಬೇಕಾದ ಜಾಗವನ್ನು ಇದು ಹಿಡಿದುಬಿಡುತ್ತದೆ. ಹುಳು ಸಾಕಣೆ ಮನೆಯನ್ನು ಬೆಚ್ಚಗಿಡಲು ಇದ್ದಲ ಒಲೆ ಹೂಡಿ, ಕಿಟಕಿ ಮುಚ್ಚಿ ಕೂತು ತಲೆನೋವು ತಂದುಕೊಂಡ ರೈತರಿಗೆ ಇದರ ಪರಿಚಯ ಉಂಟು. ಅದೂ ಇದೇ ಅನಿಲ. ಜನರೇಟರಿನಿಂದ ಇದು ಇದ್ದಲ ಒಲೆಗಿಂತ ಬಹಳ ಬೇಗ ತುಂಬಿಕೊಳ್ಳುತ್ತದೆ. ಕಿಟಕಿ ತೆರೆದಿಟ್ಟರೆ ಸಾಕೆಂಬುದು ತಪ್ಪು ತಿಳಿವಳಿಕೆ. ಜಗಲಿಯಲ್ಲಿಟ್ಟರೂ ಗಾಳಿ ಹೊಗೆಯನ್ನು ಒಳಕ್ಕೇ ನೂಕಬಹುದು.

ಆದ್ದರಿಂದ ಜನ ಮಲಗುವ ಜಾಗದ ಬಾಗಿಲು ಕಿಟಕಿಗಳಿಂದ ಯಂತ್ರ ಕನಿಷ್ಠ 20 ಅಡಿ ದೂರವಿರಬೇಕು. ಹೊಗೆಕೊಳವೆಯ ಬಾಯಿ ಆಚೆ ಮುಖಕ್ಕೆ ತಿರುಗಿರಬೇಕು. ಟೆಂಟಿಗೂ, ಪ್ಲಾಸ್ಟಿಕ್ ಹೊದಿಸಿದ ಕಾವಲು ಗುಡಿಸಲಿಗೂ ಇದೇ ನಿಯಮ. ಯಾರಿಗಾದರೂ ತಲೆನೋವು, ತಲೆಸುತ್ತು, ಓಕರಿಕೆ, ಮಂಪರು ಕಂಡರೆ ಊಟದ ದೋಷವೆಂದು ಮಲಗಿಸಕೂಡದು. ಮೊದಲು ಬಯಲಿಗೆ ಕರೆತಂದು, 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಸಾಗಿಸಬೇಕು.

ನಾಲ್ಕು ಕಂಬದ ಚಪ್ಪರ

ಮಳೆಗೆ ಮರೆಯೂ ಆಗಬೇಕು, ಹೊಗೆ ನಿಲ್ಲಲೂ ಬಾರದು. ಇವೆರಡೂ ಒದಗುವುದು ಮೇಲೆ ಮುಚ್ಚಿ ಸುತ್ತ ತೆರೆದಿರುವ ಚಪ್ಪರದಿಂದ. ನಾಲ್ಕು ನೀಲಗಿರಿ ಕಂಬ ನೆಟ್ಟು, ಸುಮಾರು 6 ಅಡಿ ಎತ್ತರದಲ್ಲಿ ಒಂದು ಕಡೆಗೆ ಇಳಿಜಾರಾಗಿ ತಗಡು ಹೊದಿಸಿದರೆ ಆಯಿತು. ಸೂರು ಯಂತ್ರಕ್ಕಿಂತ ಎಲ್ಲ ಕಡೆಗೂ ಎರಡೆರಡು ಅಡಿ ಚಾಚಿರಲಿ. ನೇರ ಮಳೆಗಿಂತ ಎರಚಲೇ ಹೆಚ್ಚು ಕೆಡುಕು ಮಾಡುವುದು. ಗಾಳಿ ಬೀಸುವ ಒಂದು ಮಗ್ಗುಲಿಗೆ ಮಾತ್ರ ತಗಡಿನ ತಡಿಕೆ ಕಟ್ಟಬಹುದು. ಅದೂ ಯಂತ್ರದಿಂದ 3 ಅಡಿ ದೂರವಿರಬೇಕು, ಕೆಳಗೆ ಒಂದಡಿ ತೆರವಿರಬೇಕು. ಮುಂಗಾರಿನ ಗಾಳಿ ಪಡುವಣದಿಂದಲೂ, ಹಿಂಗಾರಿನದು ಮೂಡಣ ಕಡೆಯಿಂದಲೂ ಬರುವುದರಿಂದ ತಡಿಕೆಯನ್ನು ಬಿಚ್ಚಿ ಬದಲಿಸುವಂತೆ ಕಟ್ಟುವುದು ಜಾಣತನ. ತೆಂಗಿನ ಗರಿ, ಹುಲ್ಲು ಹೊದಿಸಬಾರದು. ಹೊಗೆಕೊಳವೆಯ ಬಿಸಿಗೆ ಅವು ಹೊತ್ತಿಕೊಳ್ಳುತ್ತವೆ.

ಚಪ್ಪರದ ನೆಲ ಒಂದಡಿ ಎತ್ತರದ ಕಟ್ಟೆಯಾಗಿರಲಿ; ಮೇಲೊಂದು ಕಲ್ಲು ಚಪ್ಪಡಿ ಹಾಸಿದರೆ ಯಂತ್ರ ಅದುರಿ ಜರುಗುವುದಿಲ್ಲ. ಕೆರೆಯಂಗಳದ ಅಥವಾ ರಾಜಕಾಲುವೆ ಬದಿಯ ತೋಟಗಳಲ್ಲಿ ಒಂದಡಿ ಸಾಲದು. 2021ರ ನವೆಂಬರಿನಲ್ಲಿ ಯಲಹಂಕ ಕೆರೆಯ ನೀರು ಉಕ್ಕಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನುಗ್ಗಿತು. ಅಲ್ಲಿನವರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ವರ್ಷವೆಲ್ಲ ಒಣಗಿ ಕಾಣುವ ತಗ್ಗೂ ನೀರಿನ ದಾರಿಯೇ ಆಗಿರಬಹುದು. ಹಳಬರನ್ನು ಕೇಳಿ ದಿಣ್ಣೆ ಆರಿಸಿಕೊಳ್ಳುವುದು ಕ್ಷೇಮ.

ಓಡುವ ಯಂತ್ರದ ಮೇಲೆ ಟಾರ್ಪಾಲು ಹೊದಿಸಲೇಬಾರದು. ನಿಲ್ಲಿಸಿದ ಮೇಲೂ ಅರ್ಧ ಗಂಟೆ ಆರಲು ಬಿಟ್ಟು ಹೊದಿಸಬೇಕು. ಇಲ್ಲವಾದರೆ ಒಳಗೆ ಬೆವರು ಕೂತು ತಂತಿಸುರುಳಿಗೆ ತೇವ ತಗಲುತ್ತದೆ. ನೆನೆದ ಯಂತ್ರವನ್ನು ಪೂರ್ತಿ ಒಣಗಿಸದೆ ಶುರು ಮಾಡಕೂಡದು, ಒದ್ದೆ ಕೈಯಲ್ಲಿ ಪ್ಲಗ್ಗು ಮುಟ್ಟಕೂಡದು. 20 ಅಡಿ ದೂರಕ್ಕೆ ಎಳೆಯುವ ವೈರು ರಬ್ಬರು ಹೊದಿಕೆಯದಾಗಿ, 2.5 ಚದರ ಮಿ.ಮೀ. ತಾಮ್ರದ್ದಾಗಿರಲಿ. ಜೋಡಣೆಗಳು ನೆಲದಲ್ಲಿ ಬಿದ್ದಿರದೆ ಕಂಬಕ್ಕೆ ತೂಗುಬಿದ್ದಿರಬೇಕು. ನಡುವೆ 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಇದ್ದರೆ ಉತ್ತಮ. ಅದನ್ನೂ ಅರ್ಥಿಂಗನ್ನೂ ಬಲ್ಲ ಎಲೆಕ್ಟ್ರೀಷಿಯನ್ನರಿಂದಲೇ ಮಾಡಿಸಬೇಕು. ಶೆಡ್ಡಿನ ಸಾಕೆಟ್ಟಿಗೇ ಜನರೇಟರಿನ ವೈರು ಸಿಕ್ಕಿಸಿ ಎಲ್ಲ ದೀಪ ಹೊತ್ತಿಸುವ ರೂಢಿ ಕೆಲವೆಡೆ ಇದೆ. ಹೀಗೆ ಮಾಡಿದರೆ ವಿದ್ಯುತ್ತು ಹಿಮ್ಮುಖವಾಗಿ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರುತ್ತದೆ. ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೆ ಕುತ್ತು.

ಕಳ್ಳತನ

ಹೊತ್ತೊಯ್ಯಲು ಹಗುರವಾದದ್ದು ಕಳ್ಳನಿಗೂ ಹಗುರವೇ. ಯಂತ್ರವನ್ನು ಒಳಗೆ ಓಡಿಸಲು ಇದೂ ಒಂದು ನೆಪವಾಗುತ್ತದೆ. ಅದಕ್ಕೆ ಬದಲು ಕಟ್ಟೆಯ ಗಾರೆಯಲ್ಲಿ ಕಬ್ಬಿಣದ ಬಳೆ ಹೂಳಿ, ದಪ್ಪ ಸರಪಳಿಯಿಂದ ಯಂತ್ರದ ಚೌಕಟ್ಟನ್ನೇ ಬಿಗಿಯಬೇಕು, ಹಿಡಿಕೆಯನ್ನಾದರೆ ಬಿಚ್ಚಿಬಿಡಬಹುದು. ದ್ರಾಕ್ಷಿ ತೋಟವಿದ್ದವರಿಗೆ ಚಪ್ಪರದ ಕಲ್ಲುಕಂಬವೇ ಸಾಕು. ಯಂತ್ರದ ಮೇಲೆ ಕೆತ್ತಿರುವ ಸಂಖ್ಯೆಯನ್ನೂ ಕೊಂಡ ರಸೀದಿಯನ್ನೂ ಮನೆಯಲ್ಲಿಟ್ಟಿದ್ದರೆ ಪೊಲೀಸ್ ದೂರಿಗೆ ಬಲ ಬರುತ್ತದೆ.

ಹಂಗಾಮು ಮುಗಿದ ಮೇಲೆ

ಯಂತ್ರವನ್ನು ಮನೆಗೆ ತಂದು ಮೂಲೆಗಿಟ್ಟು ಮರೆತರೆ ಮುಂದಿನ ಸಲ ಹಗ್ಗ ಎಳೆದೆಳೆದು ತೋಳು ನೋಯುವುದೇ ಲಾಭ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳೊಪ್ಪತ್ತಿಗಿಂತ ಹೆಚ್ಚು ಕಾಲ ನಿಲ್ಲಿಸುವುದಾದರೆ ಟ್ಯಾಂಕು ಬರಿದು ಮಾಡಿ, ಬಯಲಿನಲ್ಲೇ ಯಂತ್ರ ಓಡಿಸಿ ಕಾರ್ಬುರೇಟರಿನ ಪೆಟ್ರೋಲನ್ನೂ ತೀರಿಸಬೇಕು. ಆರಿದ ಮೇಲೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಒಂದು ಚಮಚ ಎಂಜಿನ್ ಎಣ್ಣೆ ಹಾಕಿ, ಎರಡು ಮೂರು ಸಲ ಹಗ್ಗ ನಿಧಾನವಾಗಿ ಎಳೆದು ಪ್ಲಗ್ಗು ಮತ್ತೆ ಹಾಕಬೇಕು. ಆಮೇಲೆ ಎಳೆತ ಬಿಗಿಯಾಗಿ ತಡೆಯುವಲ್ಲಿ ಹಗ್ಗ ನಿಲ್ಲಿಸಿದರೆ ಕವಾಟಗಳು ಮುಚ್ಚಿಕೊಂಡು ಒಳಕ್ಕೆ ತೇವ ಹೋಗುವುದಿಲ್ಲ. ಉಳಿದ ಪೆಟ್ರೋಲು ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ಅಡಿಗೆಮನೆ, ಮಲಗುವ ಕೋಣೆಗಳಿಂದ ದೂರವಿರಲಿ.

ಗಾಳಿ ಬರುವ ಕಿಂಡಿಗಳಿಗೂ ಹೊಗೆಕೊಳವೆಯ ಬಾಯಿಗೂ ಸಣ್ಣ ಕಣ್ಣಿನ ತಂತಿಜಾಲರಿ ಸುತ್ತಬೇಕು. ಇಲಿಗಳು ಗೂಡು ಕಟ್ಟಿ ವೈರು ಕಡಿಯುವುದು ಇಂಥ ನಿಂತ ಯಂತ್ರದಲ್ಲೇ. ಮತ್ತೆ ಶುರು ಮಾಡುವ ಮುಂಚೆ ಜಾಲರಿ ತೆಗೆಯಲು ಮರೆಯಬಾರದು.